ಹೊಸವರ್ಷದ ಭೂಶಿರ

ಊರಿಗೆ ಹೆಸರಿಡುವವರು ಸಾಮಾನ್ಯವಾಗಿ ಆ ಊರಿನಲ್ಲಿ ಬಾಳುವವರು. ಕಡಲ ಕರೆಯ ಭೂಶಿರಗಳ ಸಂಗತಿ ಹಾಗಲ್ಲ. ಅವುಗಳಿಗೆ ಹೆಸರಿಟ್ಟವರಲ್ಲಿ ಎಷ್ಟೋ ಮಂದಿ ಆ ನೆಲದ ಮೇಲೆ ಕಾಲನ್ನೇ ಇಡಲಿಲ್ಲ. ಹಡಗಿನ ಮೇಲೆ ನಿಂತು ದೂರದಿಂದ ನೋಡಿ, ಆ ದಿನದ ಹಬ್ಬದ ಹೆಸರನ್ನೋ ಒಬ್ಬ ಸಂತನ ಹೆಸರನ್ನೋ ನಕ್ಷೆಯಲ್ಲಿ ಗುರುತುಮಾಡಿಕೊಂಡು ಮುಂದೆ ಸಾಗಿದವರು ಅವರು. ಅಮೆರಿಕದ ಪಶ್ಚಿಮ ತೀರದಲ್ಲಿ, ಸಾನ್ ಫ್ರಾನ್ಸಿಸ್ಕೊ ನಗರದಿಂದ ಸುಮಾರು 55 ಮೈಲಿ ದಕ್ಷಿಣಕ್ಕೆ, ಹೀಗೆ ಹೆಸರು ಪಡೆದ ಒಂದು ಭೂಶಿರವಿದೆ. 1603ನೆಯ ಇಸವಿಯ ಜನವರಿ 3ರಂದು ಸ್ಪೇನ್ ದೇಶದ ಪರವಾಗಿ ಹೊರಟಿದ್ದ ನಾವಿಕ ಸೆಬಾಸ್ಟಿಯನ್ ವಿಸ್ಕೈನೊ ಅದರ ಮುಂದೆ ಹಾದುಹೋದ. ಜತೆಯಲ್ಲಿದ್ದ ಪಾದ್ರಿ ಆಂಟೋನಿಯೊ ದೆ ಲಾ ಅಸೆನ್ಸಿಯೋನ್, ಹೊಸ ವರ್ಷ ಹುಟ್ಟಿ ಮೂರು ದಿನ ಮಾತ್ರ ಆಗಿತ್ತಾದ್ದರಿಂದ, ಅದನ್ನು 'ಪುಂಟಾ ದೆ ಆನ್ಯೊ ನುವೆವೊ' ಎಂದು ಕರೆದ. ಹೊಸವರ್ಷದ ಭೂಶಿರ ಎಂದು ಅದರ ಅರ್ಥ. ನಾಲ್ಕು ಶತಮಾನಗಳು ಕಳೆದರೂ ಆ ಹೆಸರು ಅಳಿಸಿಹೋಗಿಲ್ಲ. ಈಗ ಅದು ಕ್ಯಾಲಿಫೋರ್ನಿಯ ರಾಜ್ಯದ ಸಂರಕ್ಷಿತ ಉದ್ಯಾನಗಳಲ್ಲಿ ಒಂದು. ಆನ್ಯೊ ನುವೆವೊ ಸ್ಟೇಟ್ ಪಾರ್ಕ್ ಎಂಬುದು ಅದರ ಸರಕಾರಿ ಹೆಸರು.

ಪಾರ್ಕ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕಬ್ಬನ್ ಪಾರ್ಕು: ಹೂವಿನ ಪಾತಿ, ಕಲ್ಲುಬೆಂಚು, ಸಂಜೆಯ ಹೊತ್ತು ಒಂದು ಪೊಟ್ಟಣ ಕಡಲೆಕಾಯಿ. ಇಲ್ಲಿ ಅದಾವುದೂ ಇಲ್ಲ. ನಾಲ್ಕು ಸಾವಿರ ಎಕರೆಗೂ ಮಿಗಿಲಾದ ಈ ಜಾಗದಲ್ಲಿ ಗಾಳಿ ಕಟ್ಟಿದ ಮರಳ ದಿಬ್ಬಗಳಿವೆ, ಕುರುಚಲು ಪೊದೆಗಳಿವೆ, ಕಪ್ಪೆಗಳಿಗೆ ಆಶ್ರಯವಾದ ಕೊಳಗಳಿವೆ, ಬೆನ್ನಿಗೆ ಬೆಟ್ಟದ ಸಾಲಿದೆ. ಕೊಳದ ಅಂಚಿನಲ್ಲಿ ಅದೃಷ್ಟವಂತರಿಗೆ ಸಾನ್ ಫ್ರಾನ್ಸಿಸ್ಕೊ ಗಾರ್ಟರ್ ಎಂಬ ಹಾವು ಕಾಣಿಸುತ್ತದೆ. ಕೆಂಪು ಕಪ್ಪು ಪಟ್ಟೆಗಳ, ನೀಲಿಹಸುರು ಹೊಟ್ಟೆಯ ಈ ಚೆಲುವಾದ ಹಾವು ಈ ಸೀಮೆಯನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲಿಯೂ ಇಲ್ಲ. ಭೂಶಿರದ ತುದಿಯಿಂದ ಅರ್ಧ ಮೈಲಿ ಆಚೆಗೆ, ನೀರಿನ ನಡುವೆ, ಒಂದು ಪುಟ್ಟ ಬೋಳು ದ್ವೀಪವಿದೆ. ಸಾನ್ ಹೋಸೆ, ಸನಿವೇಲ್ ಕಡೆಗಳಲ್ಲಿ ನೆಲಸಿರುವ ಕನ್ನಡ ಕುಟುಂಬಗಳಿಗೆ ಇದು ಬುತ್ತಿ ಕಟ್ಟಿಕೊಂಡು ಬೆಳಗ್ಗೆ ಹೊರಟು ಸಂಜೆಗೆ ಮರಳುವಷ್ಟು ದೂರ. ನಾನು ಹೋದದ್ದೂ ಹಾಗೆಯೇ. ನೋಡಿ ಬಂದಮೇಲೆ ಅಲ್ಲಿಯ ಚರಿತ್ರೆಯನ್ನು ಓದುತ್ತ ಹೋದಂತೆ, ಕಣ್ಣಿಗೆ ಕಂಡದ್ದು ಅರ್ಧ ಕಥೆ ಮಾತ್ರವೆಂದು ತೋರಿತು. ಉಳಿದರ್ಧವನ್ನೂ ಸೇರಿಸಿ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ವಿಸ್ಕೈನೊ ಕಡಲಿನಿಂದ ನೋಡಿದ ಆ ನೆಲ ಬರಿದಾಗಿರಲಿಲ್ಲ. ಕಿರೋಸ್ತೆ ಎಂಬ ಜನ ಅಲ್ಲಿ ನೆಲಸಿದ್ದರು. 1769ರ ಅಕ್ಟೋಬರಿನಲ್ಲಿ ಗಾಸ್ಪಾರ್ ದೆ ಪೋರ್ತೊಲಾ ಎಂಬ ಅಧಿಕಾರಿಯ ದಂಡು ಭೂಮಾರ್ಗವಾಗಿ ಉತ್ತರಕ್ಕೆ ನಡೆದು ಈ ಸ್ಥಳವನ್ನು ಮುಟ್ಟಿತು. ದಂಡಿನ ಬಹುಮಂದಿ ತಾಜಾ ಕಾಯಿಪಲ್ಯ ಕಾಣದೆ ಸ್ಕರ್ವಿ ರೋಗಕ್ಕೆ ಸಿಕ್ಕಿ ಸೊರಗಿದ್ದರು. ಭೂಶಿರದ ಪಕ್ಕದ ಹಳ್ಳದ ಬಳಿ ಬೀಡುಬಿಟ್ಟಾಗ ರೋಗಿಗಳು ಚೇತರಿಸಿಕೊಂಡರೆಂದು ಆ ಕಣಿವೆಗೆ ಆರೋಗ್ಯದ ಕಣಿವೆ ಎಂದೇ ಹೆಸರಿಟ್ಟರು. ಕಿರೋಸ್ತೆಗಳು ಈ ಅಪರಿಚಿತರನ್ನು ಆದರಿಸಿ ಆಹಾರ ಕೊಟ್ಟರು. ಅವರ ಹಳ್ಳಿಯಲ್ಲಿ ಊರ ಜನವೆಲ್ಲ ಹಿಡಿಸುವಂಥ ಒಂದು ದೊಡ್ಡ ಗುಂಡು ಮನೆ ಇದ್ದುದನ್ನು ದಂಡಿನ ಪಾದ್ರಿ ಹುವಾನ್ ಕ್ರೆಸ್ಪಿ ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಸುತ್ತಣ ಹುಲ್ಲುಗಾವಲುಗಳನ್ನು ಸುಟ್ಟಿದ್ದುದೂ ಅವನ ಕಣ್ಣಿಗೆ ಬಿದ್ದಿತ್ತು. ಕಿರೋಸ್ತೆಗಳು ಹುಲ್ಲುಗಾವಲನ್ನು ತುಂಡು ತುಂಡಾಗಿ ಸುಡುತ್ತಿದ್ದುದು ವಿನೋದಕ್ಕಲ್ಲ. ತಿನ್ನಲು ಒದಗುವ ಬೀಜದ ಹುಲ್ಲು ಹುಲುಸಾಗಿ ಬೆಳೆಯಲೆಂದು, ಚಿಗುರಿಗೆ ಜಿಂಕೆಗಳು ಬರಲೆಂದು, ಕಾಡು ನುಗ್ಗಿ ಬಯಲನ್ನು ನುಂಗದಿರಲೆಂದು. 2007ರಿಂದ ಈಚೆಗೆ ಪ್ರಾಕ್ತನ ಶಾಸ್ತ್ರಜ್ಞರು ಆ ಹಳ್ಳಿಯ ನಿವೇಶನವನ್ನು ಅಗೆದು, ಇದ್ದಿಲನ್ನೂ ಸುಟ್ಟ ಬೀಜಗಳನ್ನೂ ಪರೀಕ್ಷಿಸಿ, ಇದು ಶತಮಾನಗಳ ಕ್ರಮಬದ್ಧ ಬೇಸಾಯದಂಥದೇ ಒಂದು ಕೆಲಸವಾಗಿತ್ತೆಂದು ಹೇಳಿದ್ದಾರೆ.

ಉಪಕಾರಕ್ಕೆ ಪ್ರತಿಯಾಗಿ ಬಂದದ್ದು ಮಿಷನ್. 1791ರಲ್ಲಿ ದಕ್ಷಿಣಕ್ಕೆ 20 ಮೈಲಿ ದೂರದ ಸಾಂಟಾ ಕ್ರೂಸಿನಲ್ಲಿ ಸ್ಪೇನಿನ ಪಾದ್ರಿಗಳು ಮಠವನ್ನು ಸ್ಥಾಪಿಸಿದರು. ಸುತ್ತಲಿನ ಜನಕ್ಕೆ ಮತದೀಕ್ಷೆಯಾಯಿತು. ದೀಕ್ಷೆಯಾದವರು ಮಠ ಬಿಟ್ಟು ಹೋಗಕೂಡದೆಂದು ಕಟ್ಟಳೆಯೂ ಆಯಿತು. ಚಾರ್ಕಿನ್ ಎಂಬ ಕಿರೋಸ್ತೆ ಮುಖಂಡ ಇದನ್ನು ಎದುರಿಸಿ ನಿಂತ. 1793ರ ಡಿಸೆಂಬರಿನ ಒಂದು ರಾತ್ರಿ ಕಿರೋಸ್ತೆಗಳು ಮಠದ ಮೇಲೆ ಬಿದ್ದು ಕಟ್ಟಡಗಳಿಗೆ ಬೆಂಕಿಯಿಟ್ಟರು. ಸಿಪಾಯಿಗಳು ಬಂದರು, ಮುಖಂಡರು ಸೆರೆಯಾದರು. ಮುಂದಿನ ಕೆಲಸವನ್ನು ಸಿಡುಬು ದಡಾರಗಳಂಥ ರೋಗಗಳೂ ಮಠದ ಬಿಗಿ ಬದುಕೂ ಪೂರೈಸಿದವು. ಕೆಲವೇ ದಶಕಗಳಲ್ಲಿ ಆ ದೊಡ್ಡ ಮನೆಯೂ ಇಲ್ಲ, ಅದರಲ್ಲಿ ಸೇರುತ್ತಿದ್ದ ಜನವೂ ಇಲ್ಲ.

ಬಳಿಕ ಬಂದವು ದನಗಳು. 1860ರ ದಶಕದಲ್ಲಿ ಸ್ಟೀಲ್ ಎಂಬ ಸೋದರರು ಇಲ್ಲಿ ಹಾಲಿನ ಕಸುಬನ್ನು ಹೂಡಿ, ಚೀಸ್ ಮಾಡಿ ಸಾನ್ ಫ್ರಾನ್ಸಿಸ್ಕೊಗೆ ಕಳುಹಿಸುತ್ತಿದ್ದರು. 1864ರಲ್ಲಿ, ಅಮೆರಿಕದ ಅಂತರ್ಯುದ್ಧ ನಡೆಯುತ್ತಿದ್ದಾಗ, ಗಾಯಗೊಂಡ ಸೈನಿಕರ ನೆರವಿಗಾಗಿ ಅವರು ಸುಮಾರು ಎರಡು ಟನ್ ತೂಕದ ಒಂದೇ ಚೀಸ್ ಗಡ್ಡೆಯನ್ನು ತಯಾರಿಸಿ ಪ್ರದರ್ಶನಕ್ಕಿಟ್ಟರಂತೆ. ನೆಲದ ಮೇಲೆ ಹೀಗೆ ಸಮೃದ್ಧಿ; ನೀರಿನ ಮೇಲೆ ಮಾತ್ರ ಸಾವು. ಭೂಶಿರದ ಸುತ್ತ ಮುಳುಗು ಬಂಡೆಗಳು ಹೆಚ್ಚು, ಮಂಜು ಇನ್ನೂ ಹೆಚ್ಚು. 1853ರಲ್ಲಿ 'ಕ್ಯಾರಿಯರ್ ಪಿಜನ್' ಎಂಬ ಹೊಚ್ಚ ಹೊಸ ಹಡಗು ಇಲ್ಲಿಂದ ಕೆಲವು ಮೈಲಿ ಉತ್ತರಕ್ಕೆ ಒಡೆಯಿತು. ಆ ಜಾಗಕ್ಕೆ ಪಿಜನ್ ಪಾಯಿಂಟ್ ಎಂದೇ ಹೆಸರಾಯಿತು. 1865ರಲ್ಲಿ 'ಸರ್ ಜಾನ್ ಫ್ರಾಂಕ್ಲಿನ್', 1866ರಲ್ಲಿ 'ಕೋಯಾ', 1868ರಲ್ಲಿ 'ಹೆಲ್ಲೆಸ್ಪಾಂಟ್'. ಆಸ್ಟ್ರೇಲಿಯದಿಂದ ಕಲ್ಲಿದ್ದಲು ತರುತ್ತಿದ್ದ 'ಕೋಯಾ'ದಲ್ಲಿದ್ದವರ ಪೈಕಿ ಮೂವರು ಮಾತ್ರ ದಡ ಸೇರಿದರು.

ಇಷ್ಟಾದಮೇಲೆ ಸರಕಾರ ಎಚ್ಚೆತ್ತು 1872ರಲ್ಲಿ ದ್ವೀಪದ ಮೇಲೆ, ಮಂಜಿನ ಹೊತ್ತಿನಲ್ಲಿ ಊದುವ ಒಂದು ಉಗಿ ಸೀಟಿಯನ್ನು ಇರಿಸಿತು. 1890ರಲ್ಲಿ ಅದಕ್ಕೆ ದೀಪವೂ ಕೂಡಿಕೊಂಡಿತು. ಕಾವಲುಗಾರರಿಗೆಂದು ಎರಡು ಅಂತಸ್ತಿನ ಮನೆ ಎದ್ದಿತು. ಅರ್ಧ ಮೈಲಿಯ ನೀರು ನೋಡುವುದಕ್ಕೆ ಚಿಕ್ಕದು; ದಾಟುವುದು ಪ್ರಾಣಾಂತಿಕ. 1883ರಲ್ಲಿ ಇಬ್ಬರು ಕಾವಲುಗಾರರೂ ಅವರೊಡನೆ ದೋಣಿಯಲ್ಲಿದ್ದ ಇಬ್ಬರು ಯುವಕರೂ ಆ ನೀರಿನಲ್ಲಿಯೇ ಮುಳುಗಿ ಸತ್ತರು. 1948ರಲ್ಲಿ, ತಾನೇ ಸೀಟಿ ಹಾಕುವ ಒಂದು ತೇಲುಗುರುತನ್ನು ಕಡಲಿನಲ್ಲಿ ನಿಲ್ಲಿಸಿ, ದೀಪಸ್ತಂಭವನ್ನು ಮುಚ್ಚಿ, ಮನುಷ್ಯರು ದ್ವೀಪವನ್ನು ಬಿಟ್ಟು ಬಂದರು. ಬಿಟ್ಟ ಮನೆಯನ್ನು ಕಡಲಸಿಂಹಗಳೂ ನೀರುಕಾಗೆಗಳೂ ಹಂಚಿಕೊಂಡವು. ಸಾಹೇಬರು ಮಲಗುತ್ತಿದ್ದ ಕೋಣೆಗಳಲ್ಲಿ ಕಡಲಸಿಂಹಗಳು ಮಲಗಿ ಮೈಕಾಯಿಸಿಕೊಳ್ಳತೊಡಗಿದವು. ಬಾಡಿಗೆ ಕೇಳುವವರಿರಲಿಲ್ಲ.

ಏಳು ವರ್ಷ ಕಳೆದು, 1955ರಲ್ಲಿ, ಈ ದ್ವೀಪಕ್ಕೆ ಇನ್ನೊಂದು ಜಾತಿಯ ಅತಿಥಿಗಳು ಬಂದರು. ಆ ಪ್ರಾಣಿಗಳು ಭೂಮಿಯ ಮೇಲೆ ಉಳಿದಿದ್ದುದೇ ಒಂದು ಆಶ್ಚರ್ಯ. ಅವು ಯಾವುವು, ಎಲ್ಲಿಂದ ಬಂದವು ಎಂಬುದನ್ನು ಹೇಳಲು ಕಥೆಯನ್ನು ಸ್ವಲ್ಪ ಹಿಂದಕ್ಕೆ ಎಳೆಯಬೇಕು.

ಅದು ಸೀಲುಗಳಲ್ಲಿ ದೊಡ್ಡದು, ಹೆಸರು ಆನೆಸೀಲು. ಉತ್ತರ ಪೆಸಿಫಿಕ್ ಸಾಗರದ್ದು ಒಂದು ಜಾತಿ, ದಕ್ಷಿಣ ಗೋಳದ್ದು ಇನ್ನೊಂದು. ನಮ್ಮ ಕಥೆಯ ನಾಯಕ ಉತ್ತರದ್ದು. ಬಲಿತ ಗಂಡು 14ರಿಂದ 16 ಅಡಿ ಉದ್ದ, ಎರಡು ಟನ್ನಿಗೂ ಮಿಗಿಲಾದ ಭಾರ. ಮೂಗು ಬಾಯಿಯ ಮೇಲೆ ಜೋತುಬಿದ್ದಿರುತ್ತದೆ. ಆನೆ ಎಂಬ ಹೆಸರಿಗೆ ಅದೇ ಕಾರಣ. ಡಿಸೆಂಬರಿನಿಂದ ಮಾರ್ಚಿನವರೆಗೆ ಇಲ್ಲಿ ಮಾರ್ಗದರ್ಶಕರ ಜತೆಯಲ್ಲದೆ ಯಾರನ್ನೂ ಅವುಗಳ ಬಳಿಗೆ ಬಿಡದಿರುವುದು ಪದ್ಧತಿ. ಮರಳಿನಲ್ಲಿ ಕಾಲು ಹೂತುಹೋಗುತ್ತಿರಲು ಆ ಗುಂಪಿನ ಹಿಂದೆ ನಡೆಯುತ್ತಿದ್ದೆ. ಪ್ರಾಣಿ ಕಾಣುವ ಮೊದಲೇ ಸದ್ದು ಕೇಳಿಸಿತು. ಖಾಲಿ ಪೀಪಾಯಿಯೊಳಗೆ ದೊಡ್ಡ ಮೋಟಾರ್ ಸೈಕಲನ್ನು ಚಾಲೂ ಮಾಡಿ ಬಿಟ್ಟಂತೆ ಒಂದೇ ಸಮನೆ ಗುಡುಗುಡು. ದಿಬ್ಬದ ಆಚೆಗೆ ಇಳಿದರೆ, ಬಂಡೆಗಳೆಂದುಕೊಂಡವು ಉಸಿರಾಡುತ್ತಿದ್ದವು. 25 ಅಡಿಗಿಂತ ಹತ್ತಿರಕ್ಕೆ ಹೋಗಕೂಡದೆಂದು ಮಾರ್ಗದರ್ಶಕರು ಹೇಳಿದರು. ಹೋಗುವ ಧೈರ್ಯ ಯಾರಿಗೂ ಇದ್ದಂತೆ ಕಾಣಲಿಲ್ಲ.

ಇವುಗಳ ಸಂಸಾರ ವಿಚಿತ್ರವಾದುದು. ಗಂಡುಗಳು ಮೊದಲು ಬಂದು, ಎದೆಗೆ ಎದೆ ಕೊಟ್ಟು ಹೊಡೆದಾಡಿ, ದಡವನ್ನು ಗೆದ್ದುಕೊಳ್ಳುತ್ತವೆ. ಹೆಣ್ಣುಗಳು ಬಂದು ಐದಾರು ದಿನಗಳಲ್ಲಿ ಮರಿ ಹಾಕುತ್ತವೆ. ಹುಟ್ಟಿದಾಗ ಸುಮಾರು 75 ಪೌಂಡು ಇರುವ ಮರಿ ನಾಲ್ಕು ವಾರಗಳಲ್ಲಿ 250 ಪೌಂಡನ್ನು ದಾಟುತ್ತದೆ. ನಮ್ಮ ಎಮ್ಮೆಯ ಹಾಲಿನಲ್ಲಿ ಕೊಬ್ಬು ನೂರಕ್ಕೆ ಏಳೆಂಟು ಭಾಗ. ಇವುಗಳ ಹಾಲಿನಲ್ಲಿ ಕಡೆಕಡೆಗೆ ಅರ್ಧಕ್ಕರ್ಧ. ಅಷ್ಟು ದಿನವೂ ತಾಯಿಗೆ ನಿರಾಹಾರ. ಆಮೇಲೆ ಅದು ಒಂದು ದಿನ ಎದ್ದು ಸಮುದ್ರಕ್ಕೆ ಹೋಗಿಬಿಡುತ್ತದೆ. ಮರಿಯ ಕಡೆಗೆ ತಿರುಗಿ ನೋಡುವುದಿಲ್ಲ. ಮರಿಗಳು ತಮ್ಮ ತಮ್ಮಲ್ಲೇ ಗುಂಪು ಕೂಡಿಕೊಂಡು, ದಡದ ಆಳವಿಲ್ಲದ ನೀರಿನಲ್ಲಿ ಯಾರೂ ಕಲಿಸದೆ ಈಜು ಕಲಿತು, ವಸಂತದಲ್ಲಿ ಹೊರಟುಹೋಗುತ್ತವೆ. ದ್ವೀಪದ ಸುತ್ತ ಬಿಳಿ ಶಾರ್ಕುಗಳು ಕಾದಿರುತ್ತವೆ. ಮೊದಲ ವರ್ಷವನ್ನು ದಾಟಿ ಬರುವ ಮರಿಗಳು ಸುಮಾರು ಅರ್ಧ ಮಾತ್ರ.

ಹೊರಟವು ಎಲ್ಲಿಗೆ ಹೋಗುತ್ತವೆ? 1960ರ ದಶಕದ ಕೊನೆಯಿಂದ ಸಾಂಟಾ ಕ್ರೂಸಿನ ವಿಶ್ವವಿದ್ಯಾನಿಲಯದ ಬರ್ನಿ ಲ ಬಫ್ ಮತ್ತು ಅವರ ಶಿಷ್ಯವರ್ಗ ಇದನ್ನು ಹಿಡಿದು ಹುಡುಕಿದರು. ಗಂಡುಗಳು ಅಲಾಸ್ಕದ ಕಡೆಗೆ, ಹೆಣ್ಣುಗಳು ನಡುಸಾಗರಕ್ಕೆ; ವರ್ಷಕ್ಕೆ ಎರಡು ಯಾತ್ರೆ, ಒಟ್ಟು 10,000 ಮೈಲಿಗೂ ಮೇಲೆ. ಇಪ್ಪತ್ತು ಮೂವತ್ತು ನಿಮಿಷ ಮುಳುಗಿರುವುದು, ಎರಡು ಮೂರು ನಿಮಿಷ ಮೇಲೆ ಬಂದು ಉಸಿರೆಳೆದುಕೊಳ್ಳುವುದು, ಮತ್ತೆ ಮುಳುಗುವುದು: ತಿಂಗಳುಗಟ್ಟಲೆ ಇದೇ ಕೆಲಸ. 2023ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಂತೆ ಕಡಲಿನಲ್ಲಿ ಅವು ದಿನಕ್ಕೆ ನಿದ್ದೆಮಾಡುವುದು ಸುಮಾರು ಎರಡು ಗಂಟೆ. ಅದೂ ಆಳದಲ್ಲಿ, ತರಗೆಲೆಯಂತೆ ಸುತ್ತುತ್ತ ಕೆಳಗಿಳಿಯುತ್ತಿರುವಾಗ, ಹತ್ತಿಪ್ಪತ್ತು ನಿಮಿಷದ ಕಂತುಗಳಲ್ಲಿ.

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂದು ನಮ್ಮ ಗಾದೆ. ಈ ಕಡಲಾನೆಗೆ ಸತ್ತರೆ ಮಾತ್ರ ಬೆಲೆ ಎಂದು ಹತ್ತೊಂಬತ್ತನೆಯ ಶತಮಾನ ತೀರ್ಮಾನಿಸಿತು. ಕಾರಣ, ಅದರ ಚರ್ಮದಡಿಯ ಕೊಬ್ಬು. ದೊಡ್ಡ ಗಂಡಿನ ಕೊಬ್ಬನ್ನು ಕಾಯಿಸಿದರೆ 200 ಗ್ಯಾಲನ್ನಿನಷ್ಟು ಎಣ್ಣೆ. ದೀಪಕ್ಕೂ ಯಂತ್ರಕ್ಕೂ ಒಳ್ಳೆಯ ಎಣ್ಣೆ. ತಿಮಿಂಗಿಲದ ಬೇಟೆಗೆ ದೋಣಿ ಬೇಕು, ಈಟಿ ಬೇಕು, ಎದೆ ಬೇಕು. ಇದಕ್ಕೆ ಏನೂ ಬೇಡ. ದಡದಲ್ಲಿ ಮಲಗಿರುವ ಪ್ರಾಣಿಗೂ ನೀರಿಗೂ ನಡುವೆ ಹೋಗಿ ನಿಂತು ಬಡಿದರೆ ಆಯಿತು. ಚಾರ್ಲ್ಸ್ ಸ್ಕ್ಯಾಮನ್ ಎಂಬ ಕಪ್ತಾನ ಸ್ವತಃ 1852ರಲ್ಲಿ ಈ ಎಣ್ಣೆಗಾಗಿ ಹಡಗು ನಡೆಸಿದವನು. ಅದೇ ಸ್ಕ್ಯಾಮನ್ 1874ರಲ್ಲಿ ಆ ತೀರದ ಕಡಲ ಸ್ತನಿಗಳನ್ನು ಕುರಿತು ಒಂದು ದೊಡ್ಡ ಗ್ರಂಥವನ್ನು ಬರೆದು, ಆನೆಸೀಲುಗಳು ಕ್ಯಾಲಿಫೋರ್ನಿಯ ತೀರದಲ್ಲಿ ಹೆಚ್ಚುಕಡಿಮೆ ನಿರ್ನಾಮವಾದವೆಂದು ದಾಖಲೆಮಾಡಿದ. ಕೊಂದವನೇ ಮರಣಪತ್ರವನ್ನೂ ಬರೆದಂತಾಯಿತು. 1880ರಲ್ಲಿ ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯ ತೀರದಲ್ಲಿ ಒಂದು ಉಳಿದ ಗುಂಪು ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಅದನ್ನೂ ಬಡಿದು ಮುಗಿಸಿದರು.

ಇಲ್ಲಿಯವರೆಗೆ ಇದು ವ್ಯಾಪಾರಿಗಳ ಕಥೆ. ಮುಂದಿನದು ವಿದ್ವಾಂಸರದು. ಹಲವು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದಮೇಲೆ, 1892ರಲ್ಲಿ ಚಾರ್ಲ್ಸ್ ಟೌನ್ಸೆಂಡ್ ಎಂಬ ಪ್ರಾಣಿಶಾಸ್ತ್ರಜ್ಞ, ಮೆಕ್ಸಿಕೊಗೆ ಸೇರಿದ ಗ್ವಾಡಲೂಪೆ ಎಂಬ ಒಂಟಿ ದ್ವೀಪದ ದಡದಲ್ಲಿ ಎಂಟೊಂಬತ್ತು ಆನೆಸೀಲುಗಳನ್ನು ಕಂಡ. ಅವನಿಗೆ ತಿಳಿದಿದ್ದ ಮಟ್ಟಿಗೆ ಇಡೀ ಪ್ರಪಂಚದಲ್ಲಿ ಉಳಿದಿದ್ದುವು ಅವೇ. ಅವುಗಳಲ್ಲಿ ಏಳನ್ನು ಕೊಂದು ವಸ್ತುಸಂಗ್ರಹಾಲಯಕ್ಕೆ ಕಳುಹಿಸಲಾಯಿತು. ಇದು ಕ್ರೂರಿಗಳ ಕೆಲಸವಲ್ಲ, ಅಜ್ಞಾನಿಗಳ ಕೆಲಸವೂ ಅಲ್ಲ. ಹೇಗೂ ಅಳಿದುಹೋಗುವ ಪ್ರಾಣಿ. ಅದು ನಾಶವಾಗುವ ಮುನ್ನ ಚರ್ಮವೂ ಎಲುಬೂ ನಮ್ಮಲ್ಲಿರಲಿ, ಮುಂದಿನವರು ನೋಡಲಿ ಎಂಬುದು ಅಂದಿನ ಪಂಡಿತರ ತರ್ಕ. ಅದರ ಹಿಂದಿನ ನಿರಾಶೆಯನ್ನು ನಾವು ಗಮನಿಸಬೇಕು. ಒಂದು ಜೀವಿ ಅಳಿಯುವುದು ಖಂಡಿತವೆಂದು ಮೊದಲು ನಂಬಿದರೆ, ಆಮೇಲೆ ಅದನ್ನು ಅಳಿಸುವುದಕ್ಕೆ ಕೈ ನಡುಗುವುದಿಲ್ಲ.

ಹಾಗಾದರೆ ಅವು ಉಳಿದದ್ದು ಹೇಗೆ? ಮನುಷ್ಯನ ದಯೆಯಿಂದಲ್ಲ, ಅವುಗಳ ಅಲೆಮಾರಿತನದಿಂದ. ಎಲ್ಲವೂ ಒಮ್ಮೆಗೇ ದಡದಲ್ಲಿ ಇರುವುದಿಲ್ಲ. ವರ್ಷದ ಬಹುಕಾಲ ಕಡಲಿನಲ್ಲಿ, ಮನುಷ್ಯನ ಕಣ್ಣಿಗೂ ಕೈಗೂ ಎಟುಕದ ಆಳದಲ್ಲಿ, ಕೆಲವಾದರೂ ಇದ್ದೇ ಇರುತ್ತವೆ. ಬಂದವರು ಬಡಿದು ಹೋದಮೇಲೆ ಆ ಕೆಲವು ಮರಳಿ ಬಂದುವು. 1911ರಲ್ಲಿ ಅದೇ ಟೌನ್ಸೆಂಡ್ ಅದೇ ದ್ವೀಪಕ್ಕೆ ಹೋದಾಗ ನೂರಕ್ಕೂ ಮೇಲೆ ಇದ್ದುವು. 1922ರಲ್ಲಿ ಎಣಿಸಿದಾಗ 260ರ ಆಸುಪಾಸು. ಆ ವರ್ಷ ಮೆಕ್ಸಿಕೊದ ಅಧ್ಯಕ್ಷ ಆಲ್ವಾರೊ ಒಬ್ರೆಗೋನನ ಸರಕಾರ ಗ್ವಾಡಲೂಪೆಯನ್ನು ರಕ್ಷಿತ ದ್ವೀಪವೆಂದು ಸಾರಿ, ಕಾವಲಿಗೆ ಸಿಪಾಯಿಗಳನ್ನು ಇರಿಸಿತು. ಹತ್ತು ವರ್ಷದ ಅಂತರ್ಯುದ್ಧದಿಂದ ಆಗತಾನೆ ಹೊರಬಂದಿದ್ದ, ಬೊಕ್ಕಸದಲ್ಲಿ ಹೆಚ್ಚು ಹಣವಿಲ್ಲದ ಒಂದು ದೇಶ ಕಡಲ ನಡುವಿನ ಒಂದು ಪ್ರಾಣಿಗಾಗಿ ಇಷ್ಟನ್ನು ಮಾಡಿದ್ದು ಸಣ್ಣ ಮಾತಲ್ಲ. ಅಮೆರಿಕವೂ ತನ್ನ ನೀರಿನಲ್ಲಿ ಅವುಗಳನ್ನು ರಕ್ಷಿಸಿತು. 1972ರಲ್ಲಿ ಎಲ್ಲ ಕಡಲ ಸ್ತನಿಗಳಿಗೂ ಅನ್ವಯಿಸುವ ಕಾಯಿದೆಯನ್ನೇ ಮಾಡಿತು.

ಗ್ವಾಡಲೂಪೆಯಲ್ಲಿ ತುಂಬಿದವು ಉತ್ತರದ ದ್ವೀಪಗಳಿಗೆ ಹರಡಿದುವು. 1955ರಲ್ಲಿ ಆನ್ಯೊ ನುವೆವೊ ದ್ವೀಪವನ್ನು ಮುಟ್ಟಿದ್ದುವು ಇವೇ. 1958ರಲ್ಲಿ ರಾಜ್ಯ ಸರಕಾರ ದ್ವೀಪವನ್ನು ಕೊಂಡುಕೊಂಡಿತು. 1961ರಲ್ಲಿ ಅಲ್ಲಿ ಮೊದಲ ಮರಿ ಹುಟ್ಟಿತು. ದ್ವೀಪ ಇಕ್ಕಟ್ಟಾದಂತೆ ಅವು ಎದುರಿನ ಭೂಶಿರಕ್ಕೇ ಬಂದುವು. 1975ರ ಜನವರಿಯಲ್ಲಿ ಆ ದಡದಲ್ಲಿ ಮೊದಲ ಮರಿ. ಇಂದು ಇಡೀ ಪೆಸಿಫಿಕ್ ಸಾಗರದಲ್ಲಿ ಉತ್ತರದ ಆನೆಸೀಲುಗಳು ಎರಡು ಲಕ್ಷಕ್ಕೂ ಹೆಚ್ಚು ಎಂದು ಅಂದಾಜು. ಬೆರಳೆಣಿಕೆಯಿಂದ ಎರಡು ಲಕ್ಷಕ್ಕೆ!

ಇಲ್ಲಿಗೆ ಮುಗಿಸಿದರೆ ಕಥೆ ಮಂಗಳದಲ್ಲಿ ಮುಗಿಯುತ್ತದೆ. ಪ್ರವಾಸಿಗಳಿಗಾಗಿ ಅಚ್ಚುಮಾಡಿದ ಪುಸ್ತಿಕೆಗಳು ಮುಗಿಸುವುದೂ ಬಹುಮಟ್ಟಿಗೆ ಇಲ್ಲಿಗೇ. ಆದರೆ ಲೆಕ್ಕದ ಪುಸ್ತಕದಲ್ಲಿ ಇನ್ನೂ ಎರಡು ಪುಟಗಳಿವೆ.

ಮೊದಲನೆಯದು ರಕ್ತದ ಲೆಕ್ಕ. 1974ರಲ್ಲಿ ಬಾನೆಲ್ ಮತ್ತು ಸೆಲಾಂಡರ್ ಎಂಬಿಬ್ಬರು ವಿಜ್ಞಾನಿಗಳು 159 ಆನೆಸೀಲುಗಳ ರಕ್ತವನ್ನು ಪರೀಕ್ಷಿಸಿ, 24 ವಂಶವಾಹಿ ನೆಲೆಗಳಲ್ಲಿ ಒಂದರಲ್ಲಿಯೂ ಒಂದು ಪ್ರಾಣಿಗೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲವೆಂದು ಕಂಡರು. ದಕ್ಷಿಣದ ಜಾತಿಯಲ್ಲಿ ವ್ಯತ್ಯಾಸಗಳಿದ್ದುವು. ಬೇಟೆಯ ಕಾಲದಲ್ಲಿ ಉತ್ತರದವು 30ಕ್ಕಿಂತಲೂ ಕಡಿಮೆಯ ಮಟ್ಟಕ್ಕೆ ಇಳಿದಿದ್ದುವೆಂದು ಅನಂತರದ ಸಂಶೋಧಕರು ಲೆಕ್ಕಹಾಕಿದ್ದಾರೆ. ಅದರಲ್ಲಿಯೂ ಇವುಗಳ ದಾಂಪತ್ಯ ಪದ್ಧತಿಯನ್ನು ನೆನಪಿಡಬೇಕು. ದಡವನ್ನು ಗೆದ್ದ ಗಂಡಿಗೆ ಅಂತಃಪುರವೆಲ್ಲ ಸೇರಿತು. ನೂರು ಗಂಡುಗಳಲ್ಲಿ ತಂದೆಯಾಗುವವು ಹತ್ತು ಕೂಡ ಇಲ್ಲ. ಮೂವತ್ತರೊಳಗೆ ಉಳಿದವುಗಳಲ್ಲಿ ತಂದೆಯಾದವು ಎಷ್ಟಿದ್ದಾವು? ಇಂದಿನ ಎರಡು ಲಕ್ಷವೂ ಹಿಡಿಯಷ್ಟು ಪೂರ್ವಜರ ಸಂತಾನ. ಎಣಿಕೆ ಮರಳಿ ಬಂತು, ವೈವಿಧ್ಯ ಬರಲಿಲ್ಲ. ಅದು ಎಣ್ಣೆಯ ಪೀಪಾಯಿಗಳಲ್ಲಿ ಹೋಗಿಬಿಟ್ಟಿತು.

ವೈವಿಧ್ಯ ಹೋದರೆ ಏನಾಯಿತು, ಪ್ರಾಣಿಗಳು ಚೆನ್ನಾಗಿಯೇ ಇವೆಯಲ್ಲ ಎಂದು ಕೇಳಬಹುದು. ಚೆನ್ನಾಗಿರುವ ದಿನ ಅದು ತಿಳಿಯುವುದಿಲ್ಲ. 2023ರಲ್ಲಿ ಆರ್ಜೆಂಟೀನದ ವಾಲ್ಡೆಸ್ ಪರ್ಯಾಯದ್ವೀಪದಲ್ಲಿ ಎಚ್5ಎನ್1 ಎಂಬ ಹಕ್ಕಿಜ್ವರ ದಕ್ಷಿಣದ ಆನೆಸೀಲುಗಳಿಗೆ ತಗಲಿ, ಆ ವರ್ಷ ಹುಟ್ಟಿದ ಮರಿಗಳಲ್ಲಿ 17,000ಕ್ಕೂ ಹೆಚ್ಚು, ಎಂದರೆ ನೂರಕ್ಕೆ ತೊಂಬತ್ತೈದಕ್ಕೂ ಮೇಲೆ, ಸತ್ತುವು. ವೈವಿಧ್ಯವಿದ್ದ ಜಾತಿಯ ಪಾಡೇ ಇದು. ಒಂದೇ ಬೀಗದ ಕೈಗೆ ಎಲ್ಲ ಮನೆಗಳೂ ತೆರೆಯುವ ಊರಿಗೆ ಕಳ್ಳ ಬಂದರೆ ಏನಾದೀತು ಎಂಬುದನ್ನು ಊಹಿಸಿಕೊಳ್ಳಬಹುದು.

ಎರಡನೆಯದು ನೆಲದ ಲೆಕ್ಕ. ಆನೆಸೀಲುಗಳು ತಮ್ಮ ಹಳೆಯ ಮನೆಗೆ ಮರಳಿದುವೆಂದು ನಾವು ಸಂತೋಷಪಡುತ್ತೇವೆ. ಆದರೆ ಭೂಶಿರದ ಈ ದಡ ಅವುಗಳ ಹಳೆಯ ಮನೆಯಾಗಿತ್ತೆಂಬುದಕ್ಕೆ ಆಧಾರವಿಲ್ಲ. ಕ್ಯಾಲಿಫೋರ್ನಿಯ ತೀರದ ಹಳೆಯ ಜನ ತಿಂದು ಬಿಸುಟ ಚಿಪ್ಪು ಮೂಳೆಗಳ ತಿಪ್ಪೆಗಳಲ್ಲಿ ಆನೆಸೀಲಿನ ಮೂಳೆ ಬಲು ಅಪರೂಪ. ನೆಲದ ಮೇಲೆ ತೆವಳಲೂ ಕಷ್ಟಪಡುವ ಈ ಪ್ರಾಣಿ ಜನರೂ ಗ್ರಿಜ್ಲಿ ಕರಡಿಗಳೂ ಓಡಾಡುವ ಕಡೆ ಮರಿ ಹಾಕುತ್ತಿರಲಿಲ್ಲ, ದೂರದ ದ್ವೀಪಗಳೇ ಅದಕ್ಕೆ ಆಶ್ರಯವಾಗಿದ್ದುವು ಎಂಬುದು ಪಂಡಿತರ ಅಭಿಪ್ರಾಯ. ಪೋರ್ತೊಲಾನ ಜನ ಆರೋಗ್ಯದ ಕಣಿವೆಯೆಂದು ಕರೆದ ಕಡೆ ಮುಂದೆ ವಿಲಿಯಂ ವಾಡೆಲ್ ಎಂಬ ಮರದ ವ್ಯಾಪಾರಿ ಕೊಯ್ಯುವ ಕಾರ್ಖಾನೆ ನಡೆಸಿದ. 1875ರಲ್ಲಿ ಅವನನ್ನು ಕೊಂದದ್ದು ಅಂಥ ಒಂದು ಕರಡಿ. ಐವತ್ತು ವರ್ಷ ಕಳೆಯುವುದರೊಳಗೆ ಇಡೀ ರಾಜ್ಯದಲ್ಲಿ ಆ ಕರಡಿಯ ವಂಶವೇ ಉಳಿಯಲಿಲ್ಲ. ಈಗ ಅದು ಕ್ಯಾಲಿಫೋರ್ನಿಯದ ಧ್ವಜದ ಮೇಲಿದೆ, ನೆಲದ ಮೇಲಿಲ್ಲ. ಕಿರೋಸ್ತೆಗಳು ಹೋದರು, ಕರಡಿ ಹೋಯಿತು, ದೀಪದ ಕಾವಲುಗಾರರು ಹೋದರು. ಹಾಗೆ ಬರಿದಾದ ದಡದ ಮೇಲೆ ಆನೆಸೀಲು ಬಂದು ಮಲಗಿತು. ನಾವು ಆದಿಕಾಲದ ಪ್ರಕೃತಿಯೆಂದು ಕಣ್ತುಂಬ ನೋಡಿ ಬರುವ ನೋಟ 1975ರದು. ಅದರ ಸೊಗಸನ್ನು ಇದು ಕುಗ್ಗಿಸುವುದಿಲ್ಲ; ಅದರ ಬೆಲೆ ಎಷ್ಟೆಂಬುದನ್ನು ಮಾತ್ರ ತಿಳಿಸುತ್ತದೆ.

ನೆಲದ ಈ ಸಾಲವನ್ನು ತೀರಿಸುವ ಒಂದು ಸಣ್ಣ ಪ್ರಯತ್ನವೂ ನಡೆದಿದೆ. ಉದ್ಯಾನದ ಒಳಗೆ ಕಿರೋಸ್ತೆ ಕಣಿವೆಯನ್ನು, 200 ಎಕರೆಗೂ ಹೆಚ್ಚಿನ ಜಾಗವನ್ನು, ಸಾಂಸ್ಕೃತಿಕ ರಕ್ಷಿತ ಪ್ರದೇಶವೆಂದು ಬೇರ್ಪಡಿಸಿದ್ದಾರೆ. ಸಾಂಟಾ ಕ್ರೂಸ್ ಮತ್ತು ಸಾನ್ ಹುವಾನ್ ಬಾಟಿಸ್ಟಾ ಮಠಗಳಿಗೆ ಒಯ್ಯಲ್ಪಟ್ಟ ಜನರ ಸಂತತಿಯವರು ಇಂದು ಆಮಾ ಮುತ್ಸುನ್ ಎಂಬ ಬಣವಾಗಿ ಸಂಘಟಿತರಾಗಿದ್ದಾರೆ. ಅಲ್ಲಿ ನುಗ್ಗಿದ ಕಾಡನ್ನು ಕಡಿದು ಬಯಲನ್ನು ಮತ್ತೆ ಬಯಲಾಗಿಸುವ ಕೆಲಸದಲ್ಲಿ ಅವರ ತರುಣರು ತೊಡಗಿದ್ದಾರೆ. ಹತೋಟಿಯ ಬೆಂಕಿಯ ಹಳೆಯ ವಿದ್ಯೆಯನ್ನು ಮರಳಿ ರೂಢಿಗೆ ತರುವುದು ಅವರ ಹಂಬಲ. 2020ರ ಆಗಸ್ಟಿನಲ್ಲಿ ಸಿಡಿಲಿನಿಂದ ಹತ್ತಿದ ಕಾಡುಕಿಚ್ಚು, 1902ರಲ್ಲಿ ಸ್ಥಾಪಿತವಾದ ನೆರೆಯ ಬಿಗ್ ಬೇಸಿನ್ ಉದ್ಯಾನವನ್ನು ಬಹುಪಾಲು ಸುಟ್ಟುಹಾಕಿತು. ಅದರ ಅನಂತರ, ಸಣ್ಣ ಬೆಂಕಿಯಿಂದ ದೊಡ್ಡ ಬೆಂಕಿಯನ್ನು ತಡೆಯುತ್ತಿದ್ದವರ ಮಾತಿಗೆ ಕಿವಿಗೊಡುವವರು ಹೆಚ್ಚಾಗಿದ್ದಾರೆ. ಕ್ರೆಸ್ಪಿ ಪಾದ್ರಿ 1769ರಲ್ಲಿ ದಿನಚರಿಯಲ್ಲಿ ಬರೆದುಕೊಂಡು ಮುಂದೆ ಸಾಗಿದ ಸಂಗತಿ ಅರ್ಥವಾಗಲು ಎರಡೂವರೆ ಶತಮಾನ ಹಿಡಿಯಿತು.

ನಮ್ಮಲ್ಲಿಯೂ ಕೆಲವು ವರ್ಷಕ್ಕೊಮ್ಮೆ ಹುಲಿಗಳ ಗಣತಿ ಬರುತ್ತದೆ, ಆನೆಗಳ ಗಣತಿ ಬರುತ್ತದೆ. ಅಂಕಿ ಏರಿದ್ದರೆ ಪತ್ರಿಕೆಗಳಲ್ಲಿ ದಪ್ಪಕ್ಷರ. ನಾವೂ ಕಾಫಿ ಕುಡಿಯುತ್ತ ಓದಿ ಹಿಗ್ಗುತ್ತೇವೆ. ಹಿಗ್ಗುವುದು ತಪ್ಪಲ್ಲ. ಎಷ್ಟು ಇವೆ ಎಂಬುದರ ಜತೆಗೆ, ಎಷ್ಟರಿಂದ ಇಷ್ಟಾದುವು, ಯಾವ ಯಾವ ಕಾಡಿನವು ಸದ್ದಿಲ್ಲದೆ ಹೋದುವು, ಈ ಕಾಡು ಅವುಗಳಿಗೆ ಒದಗಲು ಯಾರು ಎದ್ದು ಹೋಗಬೇಕಾಯಿತು ಎಂದೂ ಕೇಳಿದರೆ ಲೆಕ್ಕ ಪೂರ್ತಿಯಾದೀತು. ಉಳಿಸುವ ಕೆಲಸಕ್ಕೆ ಕೊನೆಯ ಮೂವತ್ತು ಉಳಿಯುವವರೆಗೆ ಕಾಯಬೇಕಾಗಿಲ್ಲ. ಮೆಕ್ಸಿಕೊ 1922ರಲ್ಲಿ ಹೊರಡಿಸಿದ ಆಜ್ಞೆಯನ್ನೇ ಯಾರಾದರೂ 1852ರಲ್ಲಿ ಹೊರಡಿಸಿದ್ದರೆ, ಅದಕ್ಕೂ ಒಂದು ಹಾಳೆ ಕಾಗದ ಮತ್ತು ಬೆರಳೆಣಿಕೆಯ ಸಿಪಾಯಿಗಳೇ ಸಾಕಾಗುತ್ತಿದ್ದರು. ಖರ್ಚು ಅಷ್ಟೇ, ಉಳಿತಾಯ ಮಾತ್ರ ನಮ್ಮ ಎಣಿಕೆಗೆ ಸಿಕ್ಕುವಂಥದಲ್ಲ.